ಶಂಟ್ ಟ್ಯೂಬು ಮಲದ್ವಾರದಿಂದ ಹೊರಗೆ ಬಂದಿದೆ, ಸೋಮವಾರದ ತನಕ ಕಾಯಬಹುದಾ?

ಹಾವೇರಿ_ಅಪ್ಪ:
ಮಗನಿಗೆ 3 ವರ್ಷ. 5 ತಿಂಗಳ ಕೂಸಿದ್ದಾಗ ತಲೆಯಲ್ಲಿ ನೀರು ತುಂಬಿ ವಿ.ಪಿ. ಶಂಟ್ (ತಲೆಯ ನೀರನ್ನು ಚರ್ಮದಡಿಯಿಂದ ಹೊಟ್ಟೆಗೆ ಇಳಿಸುವ ಟ್ಯೂಬು) ಹಾಕಿಸಿದ್ದೆವು. ಇವತ್ತು ಬೆಳಿಗ್ಗೆ ಕುಂಡಿ ತೊಳೆಯುವಾಗ ಬಿಳಿ ದಾರದಂಥದ್ದು ಅರ್ಧ ಗೇಣು ನೇತಾಡುತ್ತಿತ್ತು. ನಮ್ಮವ್ವ ಜಂತುಹುಳು ಅಂದಳು. ಮುಟ್ಟಿದರೆ ರಬ್ಬರಿನ ಹಾಗಿದೆ, ತುದಿಯಿಂದ ತಿಳಿನೀರು ತೊಟ್ಟಿಕ್ಕುತ್ತಿದೆ. ಜ್ವರ ಇಲ್ಲ, ಹೊಟ್ಟೆನೋವಿಲ್ಲ, ಆಡಿಕೊಂಡಿದ್ದಾನೆ. ನಮ್ಮ ಡಾಕ್ಟರು ಸಿಗೋದು ಸೋಮವಾರ.

ಚಿನ್ನು_ಅಮ್ಮ:
ಕಾಯಬೇಡಿ ಅಣ್ಣ, ಇವತ್ತೇ ಹೊರಡಿ. ಅದನ್ನು ಎಳೆಯಬೇಡಿ, ಕತ್ತರಿಸಬೇಡಿ, ಒಳಗೂ ತಳ್ಳಬೇಡಿ. ನನ್ನ ಮಗಳಿಗೂ ಹೀಗೇ ಆಗಿತ್ತು. ಹತ್ತಿರದ ನರ್ಸಿಂಗ್ ಹೋಂನಲ್ಲಿ ನೋಡದೇ ಹುಳದ ಔಷಧಿ ಬರೆದರು. ಎರಡು ದಿನ ಸುಮ್ನೆ ಹೋಯಿತು. ಮೂರನೇ ದಿನ ಜ್ವರ, ವಾಂತಿ, ಕುತ್ತಿಗೆ ಸೆಟೆದುಕೊಂಡಿತು.

ಆಮೇಲೆ ಸರ್ಜನ್ ಬಿಡಿಸಿ ಹೇಳಿದರು. ಟ್ಯೂಬಿನ ತುದಿ ಕರುಳಿಗೆ ಒಂದೇ ಕಡೆ ತಾಗಿ ತಾಗಿ ತೂತಾಗುತ್ತದಂತೆ. ಟ್ಯೂಬಿನ ಸುತ್ತ ಗಾಯದ ಪೊರೆ ಗಟ್ಟಿಯಾಗಿ ಕಟ್ಟಿಕೊಂಡಿರುವುದರಿಂದ ಹೊಲಸು ಹೊಟ್ಟೆಯೊಳಗೆ ಸೋರುವುದಿಲ್ಲ. ಅದಕ್ಕೇ ಎಷ್ಟೋ ಮಕ್ಕಳಿಗೆ ನೋವೇ ಇರುವುದಿಲ್ಲ. ಆದರೆ ಕರುಳಿನ ರೋಗಾಣು ಅದೇ ಟ್ಯೂಬು ಹಿಡಿದು ಮಿದುಳಿಗೆ ಹತ್ತುತ್ತದೆ.

ಇವಳಿಗೆ ಹೊಟ್ಟೆ ಪೂರ್ತಿ ಕೊಯ್ಯಲಿಲ್ಲ. ಸಣ್ಣದಾಗಿ ಕೊಯ್ದು ಟ್ಯೂಬು ತುಂಡು ಮಾಡಿ, ಕೆಳಗಿನ ಭಾಗ ಮಲದ್ವಾರದಿಂದಲೇ ತೆಗೆದರು. ಮೇಲಿನದನ್ನೂ ತೆಗೆದು, ತಲೆಯಿಂದ ನೀರು ಹೊರಗಿನ ಚೀಲಕ್ಕೆ ಬಿಟ್ಟರು. ಆ ಚೀಲದ್ದೇ ದೊಡ್ಡ ಕಥೆ. ಕಿವಿಯ ಮಟ್ಟಕ್ಕೆ ಅಳೆದು ಕಟ್ಟಿರುತ್ತಾರೆ. ಇವಳು ಎದ್ದು ಕೂತಳೆಂದರೆ ನಾನು ಸಿಸ್ಟರ್‌ನ ಕೂಗಬೇಕು, ಅವರು ಬಂದು ನಲ್ಲಿ ಮುಚ್ಚಬೇಕು. 3 ವಾರ ಆಂಟಿಬಯಾಟಿಕ್. ತಲೆಯ ನೀರಿನ ಟೆಸ್ಟ್ ಕ್ಲೀನ್ ಬಂದ ಮೇಲೆ ಇನ್ನೊಂದು ಬದಿಗೆ ಹೊಸ ಶಂಟ್. ಕರುಳಿನ ತೂತು ತಾನೇ ಮುಚ್ಚಿಕೊಂಡಿತು. ಎಲ್ಲರಿಗೂ ಹೀಗೇ ಅಂತಲ್ಲ, ಹೊಟ್ಟೆ ಉಬ್ಬಿ ಗಟ್ಟಿಯಾದರೆ ತೆರೆಯಲೇಬೇಕಾಗುತ್ತದಂತೆ.

ವಾರ್ಡ್_ಸಿಸ್ಟರ್:
ತುದಿಗೆ ಸ್ಟೆರೈಲ್ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ, ರೋಗಾಣು ಇಲ್ಲದ ಬಟ್ಟೆ) ಸುತ್ತಿ ಹೊಸ ಡೈಪರ್ ಹಾಕಿ. ಹಳೇ ಡಿಸ್ಚಾರ್ಜ್ ಚೀಟಿ ಮರೆಯಬೇಡಿ. ನ್ಯೂರೋಸರ್ಜನ್ (ಮಿದುಳಿನ ಆಪರೇಷನ್ ಮಾಡುವ ಡಾಕ್ಟರು) ಇರುವ ಕಡೆಗೇ ಹೋಗಿ, ನಿಮಗೆ ಹುಬ್ಬಳ್ಳಿ ಹತ್ತಿರ ಅಲ್ವಾ? ಊಟ ಕೊಡಬಹುದಾ ಅಂತ ಫೋನಿನಲ್ಲೇ ಕೇಳಿಕೊಳ್ಳಿ.

ಹಾವೇರಿ_ಅಪ್ಪ:
ಗಾಡಿ ಹತ್ತಿದ್ದೇವೆ. ಒಂದು ಮಾತು. ನಾನು ಭುಜದ ಮೇಲೆ ಕೂರಿಸಿಕೊಂಡು ಕುಣಿಸುತ್ತಿದ್ದೆ, ಅದಕ್ಕೇ ಆಯಿತಾ?

ಚಿನ್ನು_ಅಮ್ಮ:
ಇಲ್ಲ ಅಣ್ಣ. ನಾನೂ ಇದನ್ನೇ ಕೇಳಿದ್ದೆ. 100 ಶಂಟ್‌ನಲ್ಲಿ ಒಂದಕ್ಕೂ ಆಗುವುದಿಲ್ಲವಂತೆ, ಆಡಿಸಿದ್ದಕ್ಕೆ ಆಗುವಂಥದ್ದಲ್ಲ ಅಂದರು. ತಲುಪಿದ ಮೇಲೆ ಒಂದು ಸಾಲು ಹಾಕಿ.