ಮೈಸೂರಿಗೆ ಹೊಸಬರು: ಅವ್ವನ್ನ ಕರ್ಕೊಂಡು ಬಯಲಾಗ ಕುಂತು ಸಂಗೀತ ಕೇಳಾಕ ಎಲ್ಲಿ ಹೋಗ್ಬೇಕ್ರಿ?

ಪ್ರಶ್ನೆ

ನಮಸ್ಕಾರ್ರಿ. ಧಾರವಾಡದಿಂದ ವರ್ಗ ಆಗಿ ಮೈಸೂರಿಗೆ ಬಂದೇನಿ, ಹೆಬ್ಬಾಳದಾಗ ಮನಿ. ಜೋಡಿ ಅವ್ವ ಅದಾಳ. ಕುಂದಗೋಳದ ನಾಡಗೇರ ವಾಡೇದಾಗ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಪೂರ್ತಿ ಕುಂತು ಕೇಳಿದಾಕಿ ಅಕಿ. ಇಲ್ಲಿ ಸಂಜಿ ಆತಂದ್ರ ಬಾಗಲದಾಗ ಕುಂತು ನನ್ನ ದಾರಿ ಕಾಯತಾಳ, ಮಾತಾಡಾಕ ಯಾರೂ ಇಲ್ಲ. ಟಿಕೆಟ್ ತಗೊಂಡು ಎಸಿ ಹಾಲಿನಾಗ ಕುಂದ್ರೂದು ಅಕಿಗೆ ಒಗ್ಗೂದಿಲ್ಲ. ನಾಕು ಮಂದಿ ನಡುವ ಕುಂತು ಕೇಳಬೇಕು. ದಸರಾಕ್ಕ ಅರಮನಿ ಮುಂದ ಕಛೇರಿ ಇರತಾವಂತ ಗೊತ್ತೈತಿ. ಅದಕ್ಕೂ ಮೊದಲ ಏನರೆ ಐತೇನ್ರಿ? ಕೇಳಿದ್ದೆಲ್ಲಾ ಹಿಂದುಸ್ತಾನಿ, ಕರ್ನಾಟಕಿ ಹಿಡಸ್ತದೋ ಇಲ್ಲೋ ಅನ್ನೂದೂ ಒಂದು ಚಿಂತಿ.

ಉತ್ತರ (ವಿ.ವಿ. ಮೊಹಲ್ಲಾದಿಂದ)

ದಸರಾ ತನಕ ಯಾಕೆ ಕಾಯ್ತೀರಿ? ಮುಂದಿನ ತಿಂಗಳು ಗಣಪತಿ ಹಬ್ಬಕ್ಕೆ ನಮ್ಮ ಮೊಹಲ್ಲಾದ 8ನೇ ಕ್ರಾಸಿಗೆ ತಾಯಿಯವರನ್ನ ಕರ್ಕೊಂಡು ಬನ್ನಿ. 1962ರಿಂದ ನಡೆದು ಬಂದಿರೋ ಉತ್ಸವ. ರಸ್ತೆಗೇ ಚಪ್ಪರ ಹಾಕಿ, ಸಂಜೆ ಹೊತ್ತು ಕಛೇರಿ ನಡೆಸ್ತಾರೆ. ದುಡ್ಡು ಕೊಡೋ ಹಾಗಿಲ್ಲ. ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡೋ ಜಾಗ. ಸ್ವಲ್ಪ ಬೇಗ ಬಂದ್ರೆ ಅಂಚಿನ ಕುರ್ಚಿ ಸಿಗುತ್ತೆ, ಕಾಲು ಚಾಚಿಕೊಂಡು ಕೂರಬಹುದು. ಮಳೆಗಾಲ ಇನ್ನೂ ಮುಗಿದಿರಲ್ಲ, ಛತ್ರಿ ಇರಲಿ.

ನನ್ನ ಕೇಳಿದ್ರೆ ಅರಮನೆಗಿಂತ ಇಲ್ಲಿಗೇ ಮೊದಲು ಬರಬೇಕು. ಅರಮನೆ ಮುಂದೆ ಜನಸಾಗರ, ಹಿಂದೆ ಕೂತ್ರೆ ಕಲಾವಿದರನ್ನ ಪರದೆ ಮೇಲೆ ನೋಡಬೇಕು. ಇಲ್ಲಿ ಮೃದಂಗದವರು ಎಡಗಡೆ ಮುಖಕ್ಕೆ ರವೆ ಮೆತ್ತೋದು, ಕಲ್ಲಿನಿಂದ ತಟ್ಟಿ ತಟ್ಟಿ ಶ್ರುತಿ ಸೇರಿಸೋದು, ಎಲ್ಲಾ ಕಣ್ಣೆದುರಿಗೇ. ಪಕ್ಕದ ಕುರ್ಚಿಯವರು ತೊಡೆ ಮೇಲೆ ತಾಳ ಹಾಕ್ತಾ ಇರ್ತಾರೆ, ಅವರನ್ನ ಕೇಳಿದ್ರೆ ಯಾವ ರಾಗ, ಯಾರ ಕೃತಿ ಅಂತ ಖುಷಿಯಿಂದ ಹೇಳ್ತಾರೆ. ತಾಯಿಯವರಿಗೆ ಬೇಕಿರೋದು ಆ ಮಾತುಕತೆಯೂ ಅಲ್ವಾ?

ಹಿಂದುಸ್ತಾನಿ ಕಿವಿ ಅಂತ ಹಿಂಜರೀಬೇಡಿ. ಹಿಂದೋಳ ರಾಗ ಶುರುವಾದ್ರೆ ಇದು ನಮ್ಮ ಮಾಲಕಂಸ್ ಅಂತ ಅವರೇ ಗುರುತು ಹಿಡೀತಾರೆ. ಮೋಹನ ಅಂದ್ರೆ ಭೂಪ, ಕಲ್ಯಾಣಿ ಅಂದ್ರೆ ಯಮನ್, ಶುದ್ಧ ಸಾವೇರಿ ಅಂದ್ರೆ ದುರ್ಗಾ. ಸ್ವರ ಅವೇ, ನಡೆ ಮಾತ್ರ ಬೇರೆ. ಶುರುವಿಗೆ ವರ್ಣ, ಸಣ್ಣ ಕೃತಿಗಳು ಬರ್ತವೆ, ಅವಕ್ಕೆ ಅವಸರ ಜಾಸ್ತಿ ಅನ್ನಿಸಬಹುದು. ನಡುವೆ ಒಂದು ರಾಗವನ್ನ ವಿಸ್ತಾರವಾಗಿ ಎತ್ತಿಕೊಳ್ತಾರಲ್ಲ, ಆ ಆಲಾಪನೆ ತನಕ ಇರಿ. ತನಿ ಆವರ್ತನಕ್ಕೆ, ಅಂದ್ರೆ ತಾಳವಾದ್ಯದವರು ಮಾತ್ರ ನುಡಿಸೋ ಹೊತ್ತಿಗೆ, ಎದ್ದು ಕಾಫಿಗೆ ಹೋಗೋರು ಬಹಳ. ದಯವಿಟ್ಟು ನೀವು ಹೋಗಬೇಡಿ. ಮೃದಂಗ, ಘಟದವರಿಗೆ ಸಿಗೋದೇ ಆ ಹೊತ್ತು.

ಉತ್ತರ (ಕುವೆಂಪುನಗರದಿಂದ)

ಮೇಲಿನವರು 8ನೇ ಕ್ರಾಸ್ ಬಗ್ಗೆ ಹೇಳಿದ್ದು ಸರಿ, ಆದ್ರೆ ಅರಮನೆಯನ್ನ ಬಿಡಬೇಡಿ. ಧಾರವಾಡದವರಿಗಂತೂ ಅದು ಬೇರೆ ಊರಲ್ಲ. ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರು ಮೈಸೂರು ಆಸ್ಥಾನಕ್ಕೆ ಹಾಡೋಕೆ ಬರ್ತಿದ್ರು, ಹೋಗಿ ಬರೋ ದಾರೀಲಿ ಧಾರವಾಡ, ಹುಬ್ಬಳ್ಳಿ ಕಡೆ ಉಳೀತಿದ್ರು. ಅವರ ಶಿಷ್ಯರೇ ಸವಾಯಿ ಗಂಧರ್ವರು. ನಿಮ್ಮ ತಾಯಿ ಕುಂದಗೋಳದಲ್ಲಿ ಕೇಳಿದ ಗಾಯನಕ್ಕೂ ಈ ಅರಮನೆಗೂ ಅಷ್ಟು ಹತ್ತಿರದ ನಂಟಿದೆ ಅಂತ ಅವರಿಗೆ ಹೇಳಿ.

ಮುಂದಿನ ಸಾಲು ಪಾಸ್ ಇರೋರಿಗೆ. ಅದಕ್ಕೆ ಒದ್ದಾಡಬೇಡಿ. ದಸರೆಯ ಮೊದಲ ದಿನಗಳಲ್ಲಿ, ಅದೂ ಶನಿವಾರ, ಭಾನುವಾರ ಬಿಟ್ಟು ಬಂದ್ರೆ ಜನ ಕಮ್ಮಿ. ಸುತ್ತಮುತ್ತ ರಸ್ತೆ ಬಂದ್ ಮಾಡಿರ್ತಾರೆ, ಆಟೋ ದೂರದಲ್ಲೇ ಇಳಿಸುತ್ತೆ. ಮೊಣಕಾಲು ನೋವಿರೋರಿಗೆ ಸಿಟಿ ಬಸ್ಸೇ ವಾಸಿ, ನಿಲ್ದಾಣ ಅರಮನೆ ಪಕ್ಕದಲ್ಲೇ ಇದೆ. ಡಿಸೆಂಬರ್ ಕೊನೆಗೆ ಅರಮನೆ ಆವರಣದಲ್ಲಿ ಫಲಪುಷ್ಪ ಪ್ರದರ್ಶನದ ಜೊತೆಗೂ ಸಂಗೀತ ಇಡ್ತಾರೆ. ಆಗ ಚಳಿ, ಶಾಲು ತನ್ನಿ.

ಪ್ರಶ್ನೆ ಕೇಳಿದವರು

ಭಾಳ ಉಪಕಾರ ಆತ್ರಿ. ಖಾನ್ ಸಾಹೇಬರ ವಿಷಯ ಓದಿ ಹೇಳಿದೆ, ಅವ್ವ ಎದ್ದು ಕುಂತಳು, ಇನ್ನೊಮ್ಮೆ ಓದು ಅಂದ್ಳು. ಅಕೀದು ಒಂದ ಪ್ರಶ್ನೆ: ಇಲ್ಲಿ ಕಛೇರಿಯಾಗ ವಚನ ಹಾಡ್ತಾರೇನು?

ಉತ್ತರ (ವಿ.ವಿ. ಮೊಹಲ್ಲಾದಿಂದ)

ಹಾಡೋರಿದ್ದಾರೆ. ತನಿ ಮುಗಿದ ಮೇಲೆ ದೇವರನಾಮ, ವಚನ, ತಿಲ್ಲಾನ, ಆಮೇಲೆ ಮಂಗಳ. ಬೇಕಾದ ವಚನದ ಹೆಸರು ಚೀಟಿಯಲ್ಲಿ ಬರೆದು, ತನಿ ಶುರುವಾಗೋ ಮುಂಚೆಯೇ ವೇದಿಕೆ ಹತ್ತಿರ ನಿಂತಿರೋ ಕಾರ್ಯಕರ್ತರ ಕೈಗೆ ಕೊಡಿ. ಆಮೇಲೆ ಕೊಟ್ರೆ ಹೊತ್ತಾಗಿರುತ್ತೆ. ಚೀಟಿಯನ್ನ ತಾಯಿಯವರ ಕೈಯಲ್ಲೇ ಬರೆಸಿ.