ಬಯೋಡೇಟಾ ಫೋಟೋ ದಾಟಿದ ಮೇಲೆ ಏನು ನೋಡಬೇಕು?

ಪ್ರಶ್ನೆ, ಮುಂಬಯಿಯ ಮುಲುಂಡ್‌ನಿಂದ:
ವಯಸ್ಸು 31. ಮೈಬಣ್ಣ ಕಪ್ಪು ಅಂತ ಫೋಟೋದಲ್ಲೇ ಬಿಟ್ಟುಹೋದ ಪ್ರಪೋಸಲುಗಳೇ ಜಾಸ್ತಿ. ಈಗ ಥಾಣೆಯ ಒಬ್ಬರ ಪರಿಚಯವಾಗಿದೆ. ಕನ್ನಡದವರೇ, ನಾವೂ ಅವರೂ ಹಿಂದೂಗಳೇ, ಆದರೆ ಜಾತಿ ಬೇರೆ, ನನಗಿಂತ ಎರಡು ಇಂಚು ಗಿಡ್ಡ. ಮನೆಯಲ್ಲಿ "ಜನ ಏನಂದಾರು" ಶುರುವಾಗಿದೆ. ಇದು ಬಾಳುವ ಸಂಬಂಧವೋ ಅಲ್ಲವೋ ಎಂದು ತಿಳಿಯಲು ಏನೇನು ನೋಡಬೇಕು? ನಿಮ್ಮ ಮದುವೆ ಕಥೆ ಬೇಡ, ಮಾಡಬೇಕಾದ್ದು ಹೇಳಿ.

ಕಿಟಕಿ ಸೀಟು:
ಮೊದಲು ಭೇಟಿಯ ಜಾಗ ಬದಲಿಸಿ. ಮಾಲಿನ ಎಸಿ, ಇಸ್ತ್ರಿ ಮಾಡಿದ ಬಟ್ಟೆ, ಒಂದು ಗಂಟೆ ಮಾತು: ಇಷ್ಟರಲ್ಲಿ ಎಲ್ಲರೂ ಒಳ್ಳೆಯವರೇ. ಮೂರು ತಿಂಗಳಲ್ಲಿ ಎಂಟು ಹತ್ತು ಸಲ ಸಿಗಿ, ಅರ್ಧದಷ್ಟಾದರೂ ಏನಾದರೂ ಕೆಲಸದ ನೆಪದಲ್ಲಿ. ಭಾನುವಾರ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ರೈಲು ಕಡಿತ) ಇರುವಾಗಲೇ ಥಾಣೆಯಿಂದ ಮಾಟುಂಗಕ್ಕೆ ಹೊರಡಿ. ಗಾಡಿ ತಡ, ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ, ಕೊನೆಗೆ ಉಡುಪಿ ಹೋಟೆಲಿನ ಮುಂದೆ ಅರ್ಧ ಗಂಟೆ ಕ್ಯೂ. ಮಸಾಲೆ ದೋಸೆ ಹೇಳಿದ್ದಕ್ಕೆ ಸಾದಾ ಬಂತು ಅನ್ನಿ. ಆಗ ವೈಟರ್ ಹತ್ತಿರ ಯಾವ ದನಿ? ತಡವಾದ ಸಿಟ್ಟು ಯಾರ ಮೇಲೆ ಇಳಿಯುತ್ತದೆ? ನಿಮಗೆ ಸುಸ್ತಾದದ್ದು ನೀವು ಹೇಳದೆ ಅವರಿಗೆ ತಿಳಿಯುತ್ತದೋ?

ಬಣ್ಣದ ಮಾತಿಗೆ: 2015ರಲ್ಲಿ ಅಮೆರಿಕದ 167 ಜೋಡಿಗಳ ಮೇಲೆ ಮಾಡಿದ ಅಧ್ಯಯನವೊಂದು ಪ್ರಕಟವಾಯಿತು. ಪರಿಚಯವಾದ ಕೂಡಲೇ ಜೋಡಿಯಾದವರಲ್ಲಿ ಇಬ್ಬರ ರೂಪವೂ ಹೆಚ್ಚುಕಡಿಮೆ ಒಂದೇ ಮಟ್ಟದ್ದು. ಬಹಳ ದಿನ ಬರೀ ಪರಿಚಯದಲ್ಲಿದ್ದು ಆಮೇಲೆ ಜೋಡಿಯಾದವರಲ್ಲಿ ಆ ಲೆಕ್ಕ ಸಡಿಲವಾಗಿತ್ತು. ನಮ್ಮ ಬಯೋಡೇಟಾ ಪದ್ಧತಿಯಲ್ಲಿ ಆ "ಬಹಳ ದಿನ" ಎನ್ನುವುದೇ ಇಲ್ಲ. ನಿಮಗೆ ಈಗ ಅದು ಸಿಕ್ಕಿದೆ, ಅವಸರ ಮಾಡಬೇಡಿ. ಎರಡು ಇಂಚಿನ ಬಗ್ಗೆ ಏನೂ ಬರೆಯುವುದಿಲ್ಲ.

ಥಾಣೆ ಅಕ್ಕ:
ಮೆಗಾಬ್ಲಾಕ್ ಪರೀಕ್ಷೆ ಸರಿ ಮಾರಾಯ್ರೆ, ಆದ್ರೆ ಸಂಬಂಧ ಹಾಳಾಗುವುದು ಹೋಟೆಲಿನಲ್ಲಿ ಅಲ್ಲ, ಅವರ ಮನೆಯಲ್ಲಿ. ತಂಗೀ, ಆ ಹುಡುಗ ತನ್ನ ತಾಯಿಗೆ ನಿನ್ನ ಹೆಸರು, ಜಾತಿ ಎರಡೂ ಹೇಳಿದ್ದಾನಾ ಕೇಳು. "ನಿಧಾನಕ್ಕೆ ಹೇಳ್ತೇನೆ" ಅಂದ್ರೆ ತಾರೀಕು ಕೇಳು, ಚೌತಿಗೆ ಮುಂಚೆ ಅಂತಲೋ ಏನೋ. ಎರಡು ಸಲ ತಾರೀಕು ಮುಂದೆ ಹೋದ್ರೆ ಅದನ್ನೇ ಉತ್ತರ ಅಂತ ತಿಳ್ಕೊ.

ಅವನ ಚಿಕ್ಕಮ್ಮನೋ ಅತ್ತಿಗೆಯೋ "ಹುಡುಗಿ ಸ್ವಲ್ಪ ಕಪ್ಪಲ್ವಾ" ಅನ್ನುವುದು ಗ್ಯಾರಂಟಿ. ಅವನು ನಕ್ಕು ಸುಮ್ಮನಾದ್ರೆ ಮುಂದೆಯೂ ಅದೇ. ಆಮೇಲೆ ಸ್ಟೇಷನ್ ಬ್ರಿಜ್ಜಿನ ಮೇಲೆ ನಿನ್ನ ಹತ್ರ ಸಾರಿ ಅಂದ್ರೆ ಅರ್ಧ ಮಾರ್ಕು. ಅಲ್ಲೇ, ಅವರೆದುರೇ, ಜಗಳ ಮಾಡದೆ "ಚಿಕ್ಕಮ್ಮ, ಆ ಮಾತು ಬೇಡ" ಅಂದ್ರೆ ಮಾತ್ರ ಪೂರ್ತಿ.

ಇನ್ನು ರೂಮಿನ ಲೆಕ್ಕ. 1 ಬಿಎಚ್‌ಕೆಯಲ್ಲಿ ಎಷ್ಟು ಜನ, ಹಾಲಿನಲ್ಲಿ ಯಾರು ಮಲಗುವುದು, ಬೇರೆ ಮನೆ ಮಾಡುವುದಾದ್ರೆ ಡಿಪಾಸಿಟ್ ಎಲ್ಲಿಂದ, 11 ತಿಂಗಳ ಅಗ್ರಿಮೆಂಟ್ ಮುಗಿದಾಗ ಬಾಡಿಗೆ ಏರಿದ್ರೆ ಏನು. ಒಂದು ಹಾಳೆಯಲ್ಲಿ ಇಬ್ಬರದ್ದೂ ಬರೀರಿ: ಕೈಗೆ ಬರುವ ಸಂಬಳ, ಇಎಂಐ, ಊರಿಗೆ ಕಳಿಸುವ ಹಣ, ತಂಗಿ ಮದುವೆ ಸಾಲ, ಊರಿನ ಕೋಲಕ್ಕೋ ಜಾತ್ರೆಗೋ ಕೊಡುವ ಪಾಲು. ಸಾಲ ಇದ್ರೆ ಹೆದರುವುದು ಬೇಡ. ಹಾಳೆ ತೆಗೆದ ಕೂಡಲೇ "ಅದೆಲ್ಲ ನೋಡಿಕೊಳ್ಳುವಾ" ಅನ್ನುವವರಿಗೆ ಹೆದರಬೇಕು.

ಬೆಳಗಾವಿ ಡೊಂಬಿವಲಿ:
ಜಗಳ ಆಗಲಿ ಬಿಡ್ರಿ, ಆದಮ್ಯಾಲ ಏನಾಗತೈತಿ ನೋಡ್ರಿ. ಸಿಟ್ಟು ಬ್ಯಾರೆ, ತಿರಸ್ಕಾರ ಬ್ಯಾರೆ. "ನೀ ತಡಾ ಮಾಡಿದಿ" ಅನ್ನೂದು ಸಿಟ್ಟು. "ನಿಮ್ಮ ಮಂದೀನ ಹಿಂಗ" ಅಂತ ತುಟಿ ಸೊಟ್ಟ ಮಾಡೂದು ತಿರಸ್ಕಾರ. ಗಂಡಹೆಂಡತಿ ಜಗಳಾ ವರ್ಷಗಟ್ಟಲೆ ನೋಡಿ ಅಭ್ಯಾಸ ಮಾಡಿದ ಜಾನ್ ಗಾಟ್ಮನ್, ಸಂಬಂಧ ಮುರಿಯೂದಕ್ಕ ಎಲ್ಲಕ್ಕಿಂತ ಕೆಟ್ಟ ಸೂಚನೆ ಅಂದದ್ದು ಈ ತಿರಸ್ಕಾರನ. ಜಾತಿ ಬ್ಯಾರೆ ಇದ್ದಲ್ಲಿ ಅದು ಲಗೂನ ಬಾಯಾಗ ಬರತೈತಿ. ನಿಮ್ಮ ಬಾಯಾಗೂ ಬರಬಹುದು, ಅದನ್ನೂ ನೋಡ್ಕೋರಿ. ಮತ್ತ, ದಿನಗಟ್ಟಲೆ ಫೋನ್ ಎತ್ತದ ಮೌನ ಶಿಕ್ಷೆ ಕೊಡಾವ್ರು ಇದ್ರ ಮದವಿಗೆ ಮುಂಚೇನ ನೇರಾ ಮಾತಾಡ್ರಿ.

ನೋಂದಣಿ ಕೆಲಸದವ:
ಜಾತಕಕ್ಕೆ ಕೊಡುವ ಹೊತ್ತಿನಲ್ಲಿ ಇಬ್ಬರೂ ಎಚ್‌ಬಿ ಎ2 ರಕ್ತಪರೀಕ್ಷೆ ಮಾಡಿಸಿ. ಇಬ್ಬರೂ ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ 25%. ವಾಹಕರು ನೋಡಲು ಆರೋಗ್ಯವಾಗಿಯೇ ಇರುತ್ತಾರೆ, ಪರೀಕ್ಷೆಯಿಲ್ಲದೆ ತಿಳಿಯದು.

ಇಬ್ಬರೂ ಹಿಂದೂಗಳಾದ್ದರಿಂದ ಜಾತಿ ಬೇರೆಯಾದರೂ 1955ರ ಹಿಂದೂ ವಿವಾಹ ಕಾಯ್ದೆಯೇ ಸಾಕು. ಶಾಸ್ತ್ರೋಕ್ತ ಮದುವೆ ಆಗಿ ನೋಂದಾಯಿಸಬಹುದು, ಮದುವೆಯಾಗುತ್ತೇವೆಂದು ಕಚೇರಿಯಲ್ಲಿ ಹಾಕುವ ತಿಂಗಳ ನೋಟಿಸ್ ಬೇಕಿಲ್ಲ. ಎಷ್ಟೋ ಜನ ಗೊತ್ತಿಲ್ಲದೆ 1954ರ ವಿಶೇಷ ವಿವಾಹ ಕಾಯ್ದೆಗೆ ಹೋಗಿ ಒದ್ದಾಡುತ್ತಾರೆ. ಬೇಕೆಂದೇ ಅದನ್ನು ಆರಿಸಿದರೆ: ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು, ನೋಟಿಸ್ ಹಾಕಿದ ಮೇಲೆ 30 ದಿನ ಕಾಯಬೇಕು, ನೋಟಿಸ್ ದಿನದಿಂದ 3 ತಿಂಗಳೊಳಗೆ ಮದುವೆ ಆಗಬೇಕು, 3 ಸಾಕ್ಷಿ ಬೇಕು. ತಂದೆತಾಯಿಗೆ ಇಷ್ಟವಿಲ್ಲ ಎಂಬುದು ಕಾನೂನಿನ ಆಕ್ಷೇಪವಲ್ಲ. ವಯಸ್ಸು, ಮೊದಲಿನ ಮದುವೆ, ನಿಷಿದ್ಧ ನೆಂಟಸ್ತನ ಇಂಥವು ಮಾತ್ರ ನಡೆಯುತ್ತವೆ.

ಈ ವಿಶೇಷ ಕಾಯ್ದೆಯಲ್ಲಿ ಜನ ಎಡವುವುದು ವಿಳಾಸದಲ್ಲಿ. ಒಬ್ಬರ ಕಾಯಂ ವಿಳಾಸ ಊರಿನದ್ದಾದರೆ ನೋಟಿಸಿನ ಪ್ರತಿ ಆ ಜಿಲ್ಲೆಯ ಕಚೇರಿಗೂ ಹೋಗಿ ಅಲ್ಲಿ ಅಂಟಿಸುತ್ತಾರೆ. ಮನೆಯವರಿಗೆ ನೀವು ಹೇಳುವ ಮೊದಲೇ ಪಕ್ಕದ ಮನೆಯವರು ಹೇಳಿರುತ್ತಾರೆ. ಅವರ ಆಧಾರಿನಲ್ಲಿ ಥಾಣೆ ಇದೆಯೋ ಊರು ಇದೆಯೋ, ಇವತ್ತೇ ಕೇಳಿ.