ಸಹಾಯ ಬೇಕು: ಗ್ರೀಕ್ ಹೂಜಿಯ ಮೇಲಿನ ಹೊಸ ಬಣ್ಣವನ್ನು ಗುರುತಿಸುವುದು ಹೇಗೆ?

ನಮಸ್ಕಾರ. ನಾನು ಪ್ರಾಚ್ಯವಸ್ತು ಸಂರಕ್ಷಣೆಯ ವಿದ್ಯಾರ್ಥಿನಿ. ಅಥೆನ್ಸ್‌ನಲ್ಲಿ ಕ್ರಿ.ಪೂ. 5ನೇ ಶತಮಾನದಲ್ಲಿ ತಯಾರಾದ, ಕಪ್ಪು ಹಿನ್ನೆಲೆಯಲ್ಲಿ ಕೆಂಪು ಆಕೃತಿಗಳಿರುವ ಹೂಜಿಯೊಂದನ್ನು ಪರೀಕ್ಷಿಸುತ್ತಿದ್ದೇನೆ. 19ನೇ ಶತಮಾನದ ಇಟಲಿಯಲ್ಲಿ ಇಂಥವುಗಳ ಚೂರುಗಳನ್ನು ಅಂಟಿಸಿ, ಬಿರುಕಿನ ಮೇಲೆ ಬಣ್ಣ ಬಳಿದು, ಕಳೆದುಹೋದ ಕೈ, ಮುಖಗಳನ್ನೂ ಹೊಸದಾಗಿ ಬರೆಯುತ್ತಿದ್ದರು. ಎಂಥ ನಾಜೂಕಿನ ಕೈಚಳಕ! ಬರಿಗಣ್ಣಿಗೆ ತಿಳಿಯುವುದೇ ಇಲ್ಲ.

ನೇರಳಾತೀತ ಬೆಳಕಿನಲ್ಲಿ ಯೋಧನ ಭುಜದ ಸುತ್ತ ಕಿತ್ತಳೆ ಹೊಳಪು ಕಂಡಿತು. ಅರಗಿನ ವಾರ್ನಿಷ್ ಇರಬೇಕು. ಮೂಲದ ಕಪ್ಪು ಎಂದರೆ ಗೂಡಿನಲ್ಲಿ ಬೆಂದ ಜೇಡಿಯ ಲೇಪ, ಅದು ಅಸಿಟೋನ್ ಎಂಬ ದ್ರಾವಕಕ್ಕೆ ಕರಗುವುದಿಲ್ಲ. ಆದರೆ ಈಟಿಯ ತುದಿಯ ಬಗ್ಗೆ ಅನುಮಾನ ಉಳಿದಿದೆ. ಅಲ್ಲಿ ಅಸಿಟೋನ್ ಸೋಕಿಸಿದರೆ ಹಳೆಯ ಅಂಟು ಬಿಟ್ಟುಕೊಳ್ಳಬಹುದೆಂಬ ಭಯ.

ಎಕ್ಸ್-ರೇ ಪ್ರತಿದೀಪ್ತಿ ಉಪಕರಣ (ವಸ್ತುವಿನಲ್ಲಿ ಯಾವ ಮೂಲಧಾತುಗಳಿವೆ ಎಂದು ತೋರಿಸುವ ಸಾಧನ) ಬಳಸಿದವರು ದಯವಿಟ್ಟು ತಿಳಿಸಿ: ಇಷ್ಟು ತೆಳುವಾದ ಪದರದಲ್ಲಿ ಸತು, ಸೀಸ ಕಂಡುಬಂದರೆ ಅದನ್ನು ಹೊಸ ಬಣ್ಣವೆಂದು ನಂಬಬಹುದೇ?